ನಾನು ಇಂಗ್ಲಿಷಿನಲ್ಲಿ ನಡೆದದ್ದು

ತಿಕೋಟಾದ ಬಿಸಿಲಿನಲ್ಲಿ ದ್ರಾಕ್ಷಿ ಬೆಳೆದವನಿಗೆ ಇಂಗ್ಲಿಷ್ ಯಾವ ಲೆಕ್ಕ! ಹಾಗೆಂದು ಹೋದ ವರ್ಷದ ಯುಗಾದಿಯವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ.

ಮಗಳು ಭಾಗ್ಯಾಳನ್ನು ವಿಜಯಪುರದ ಒಂದು ಇಂಗ್ಲಿಷ್ ಶಾಲೆಗೆ ಒಂದನೇ ತರಗತಿಗೆ ಸೇರಿಸಬೇಕಿತ್ತು. ಉಳಿದಿದ್ದು ಒಂದೇ ಸೀಟು. ಅಲ್ಲಿ ಮಗುವಿನ ಜೊತೆ ತಂದೆ ತಾಯಿಯನ್ನೂ ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆಂದು ಸುದ್ದಿ ಬಂತು. ನನ್ನ ಹೆಂಡತಿ ಶೋಭಾ ಬಿ.ಎಸ್ಸಿ. ಓದಿದವಳು.

"ನಾ ಮಾತಾಡತೀನಿ. ನೀವು ಬಾಜೂಕ ಸುಮ್ಮ ಕುಂದರ್ರಿ, ಸಾಕು," ಎಂದಳು.

ಸುಮ್ಮನೆ ಕೂರುವುದೇ? ನಾನು?

"ಮನಿ ಯಜಮಾನ ನಾ ಅದೀನಿ. ನಾನ ಮಾತಾಡಾಂವ!" ಎಂದು ಘೋಷಿಸಿದೆ. ಘೋಷಣೆ ಮುಗಿಸಿ, ಹಿತ್ತಲ ಬಾಗಿಲಿನಿಂದ ನೆರೆಮನೆಯ ಹುಸೇನಸಾಬ ಮಾಸ್ತರರ ಹತ್ತಿರ ಓಡಿದೆ. ಅವರು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾದವರು.

"ಎಷ್ಟ ದಿನ ಐತಿ?" ಎಂದರು.

"ಎಂಟ ದಿನರಿ ಸರ."

ಮಾಸ್ತರರು ಕನ್ನಡಕ ತೆಗೆದು ನನ್ನನ್ನು ನೋಡಿ, ಮತ್ತೆ ಹಾಕಿಕೊಂಡು ನೋಡಿದರು. ಎರಡೂ ಸಲ ಒಂದೇ ಮುಖ ಕಂಡಿರಬೇಕು.

"ಹಂಗಾರ ಒಂದ ಕ್ರಿಯಾಪದ ಕಲಿ. ಪೂರಾ ಕಲಿ. 'ವಾಕ್' ತಗೋ, ಭಾಳ ಸಭ್ಯ ಪದ ಅದು. ನಿನ್ನೀದು ಹೇಳಬೇಕಂದ್ರ ಬಾಲಕ್ಕ ಒಂದು 'ಡ್' ಹಚ್ಚು, ಮುಗೀತು. ಆ 'ಗೋ' ಅನ್ನಾವನ ಸನೇಕ ಹೋಗಬ್ಯಾಡ. ಅಂವ ಇವತ್ತ ಒಂದ ಹೆಸರು, ನಿನ್ನೀಗೆ ಒಂದ ಹೆಸರು ಹೇಳಾಂವ! ಮತ್ತ, ನಡಕೋತ ಬಾಯಿಪಾಠ ಮಾಡು. ಕಾಲಿಗೆ ಬಂದದ್ದು ತಲಿಗೂ ಬರತೈತಿ."

ಎಂಟು ದಿನ ತೋಟದ ಸಾಲುಗಳ ನಡುವೆ ನಡೆದೆ. ಐ ವಾಕ್! ಐ ವಾಕ್ಡ್! ಐ ಹ್ಯಾವ್ ವಾಕ್ಡ್! ಐ ವಿಲ್ ವಾಕ್! ನನ್ನ ಯೋಜನೆ ಸರಳವಾಗಿತ್ತು. ನಿಮ್ಮ ಹವ್ಯಾಸವೇನು ಎಂದು ಕೇಳಿದರೆ ಐ ವಾಕ್. ನಿನ್ನೆ ಏನು ಮಾಡಿದಿರಿ ಎಂದರೆ ಐ ವಾಕ್ಡ್. ಮಗಳ ಭವಿಷ್ಯಕ್ಕಾಗಿ ಏನು ಮಾಡುತ್ತೀರಿ ಎಂದರೆ ಐ ವಿಲ್ ವಾಕ್. ಮೂರೂ ಕಾಲಗಳು ನನ್ನ ಕಿಸೆಯಲ್ಲಿದ್ದವು!

ಆ ದಿನ ಬಿಳಿ ಧೋತರ, ಬಿಳಿ ಅಂಗಿ, ಹೊಸ ಬೂಟು ಹಾಕಿಕೊಂಡು ಹೆಂಡತಿ ಮಗಳ ಜೊತೆ ಬಸ್ಸು ಹತ್ತಿದೆ. ವಿಜಯಪುರದ ಅಂಚು ಬರುತ್ತಲೇ ಇಳಿಯಲು ಎದ್ದೆ.

"ರೀ, ಇಲ್ಲ್ಯಾಕ ಇಳೀತೀರಿ?"

"ಇನ್ನ ಒಂಬತ್ತೂವರಿ ಆಗೈತಿ. ನಡಕೋತ ಬರತೀನಿ. ಕೊನೀ ಸಲ ಎಲ್ಲಾ ತಿರುವಿ ಹಾಕತೀನಿ."

"ಹನ್ನೊಂದಕ್ಕ ನಮ್ಮ ಪಾಳಿ. ಬರಲಿಲ್ಲಂದ್ರ ಸೀಟು ಕೈಬಿಟ್ಟು ಹೊಕ್ಕೈತಿ, ನೆನಪಿರಲಿ!" ಎಂದು ಶೋಭಾ ಕಿಟಕಿಯಿಂದ ಕೂಗಿದಳು.

ನೂರು ಹೆಜ್ಜೆಗೆ ಹೊಸ ಬೂಟು ಕಚ್ಚಿತು. ಬಿಚ್ಚಿ ಚೀಲಕ್ಕೆ ಹಾಕಿದೆ. ಬಿಸಿಲು ಚುರುಗುಟ್ಟಿತು. ಟವೆಲ್ ತಲೆಗೆ ಸುತ್ತಿದೆ. ಬರಿಗಾಲು, ಬಿಳಿ ಬಟ್ಟೆ, ಹೆಗಲಿಗೆ ಚೀಲ, ಸದಾ ಪಿಟಿಪಿಟಿ ಎನ್ನುವ ತುಟಿ. ಶ್ರೀಶೈಲ ಮಲ್ಲಯ್ಯನಿಗೆ ಜನ ನಡೆದು ಹೋಗುವ ದಿನಗಳವು, ದಾರಿಯುದ್ದಕ್ಕೂ ಭಕ್ತರು ಪೆಂಡಾಲು ಹಾಕಿ ಪಾದಯಾತ್ರಿಗಳ ಸೇವೆ ಮಾಡುತ್ತಿದ್ದರು. ಇಷ್ಟು ಹೇಳಿದ ಮೇಲೆ ಓದುಗರಿಗೆ ಮುಂದಿನದು ಹೊಳೆದಿರುತ್ತದೆ. ನನಗೆ ಹೊಳೆದಿರಲಿಲ್ಲ.

ಪೆಂಡಾಲಿನಿಂದ ಒಬ್ಬ ಅಜ್ಜಿ ಬಂದು ಕೈ ಹಿಡಿದೇಬಿಟ್ಟಳು. "ಯಪ್ಪಾ ಮಲ್ಲಯ್ಯಾ, ಎಷ್ಟ ದೂರದಿಂದ ನಡದ ಬಂದೀಯೋ! ಕಾಲ ನೋಡ, ಹ್ಯಾಂಗ ಕೆಂಪಗಾಗ್ಯಾವ!"

"ನಾ ಶ್ರೀಶೈಲಕ್ಕ ಹೊಂಟಾಂವ ಅಲ್ಲಬೇ..."

"ಎಲ್ಲಾರೂ ಮೊದಲ ಹಂಗ ಅಂತಾರ, ಸಂಕೋಚ ಮಾಡಿ! ಕುಂದರು."

ಮಲ್ಲಯ್ಯನ ಹೆಸರಿನಲ್ಲಿ ಕೊಟ್ಟದ್ದನ್ನು ಒಲ್ಲೆ ಎನ್ನುವ ಧೈರ್ಯ ನಮ್ಮ ಕಡೆ ಯಾರಿಗಿದೆ? ಮಜ್ಜಿಗೆ ಕುಡಿದೆ. ಸಜ್ಜಕ ತಿಂದೆ. ಮಿರ್ಚಿ ಭಜಿ ಬಂತು, ಅದನ್ನೂ ಬಿಡಲಿಲ್ಲ. ಇಬ್ಬರು ಜಟ್ಟಿಗಳಂಥ ಗಂಡಸರು ನನ್ನ ಒಂದೊಂದು ಕಾಲು ಹಿಡಿದು ಎಣ್ಣೆ ಹಚ್ಚಿ ತಿಕ್ಕತೊಡಗಿದರು. ಸುಖವೆಂದರೆ ಅದು! ನಿದ್ದೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನಾನು ಕಲಿತಿರಲಿಲ್ಲ. ಕಲಿಯದೆಯೇ ಮಲಗಿಬಿಟ್ಟೆ.

ಎಚ್ಚರವಾದಾಗ ಹನ್ನೊಂದೂವರೆ! ಹಣೆಗೆ ವಿಭೂತಿ ಹಚ್ಚಿದ್ದರು, ಚೀಲದಲ್ಲಿ ಐದು ತೆಂಗಿನಕಾಯಿ ಇಟ್ಟಿದ್ದರು. ಅಜ್ಜಿ ನನ್ನ ಕಾಲು ಮುಟ್ಟಿದಳು.

"ನಮ್ಮ ಮೊಮ್ಮಗಳಿಗೆ ದಿನ ತುಂಬ್ಯಾವಪಾ. ಹೆರಿಗಿ ಸುಸೂತ್ರ ಆಗ್ಲಿ ಅಂತ ಮಲ್ಲಯ್ಯನ ಮುಂದ ನನ್ನ ಕಾಯಿ ಒಡಸು. ಉಳಿದ ನಾಕು ಈ ಪೆಂಡಾಲಿನವರವು."

ಆಕೆಯ ಕಣ್ಣಲ್ಲಿ ನೀರಿತ್ತು. "ಹೂಂ" ಎಂದು ಶಾಲೆಯ ಕಡೆ ಓಡಿದೆ.

ಮುಖ್ಯಗುರುಗಳ ಕೋಣೆಗೆ ಏದುಸಿರು ಬಿಡುತ್ತ ನುಗ್ಗಿದೆ. ಮೇಡಂ ಮೇಜಿನ ಹಿಂದೆ, ಶೋಭಾ ಮತ್ತು ಭಾಗ್ಯಾ ಮುಂದೆ. ಬರಿಗಾಲಿನ, ವಿಭೂತಿಯ ನನ್ನನ್ನು ನೋಡಿ ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದರು. ಏನೆಂದು ಇವತ್ತಿಗೂ ಗೊತ್ತಿಲ್ಲ. ಎದೆಯುಬ್ಬಿಸಿ, ಎಂಟು ದಿನದ ಫಸಲನ್ನು ಒಮ್ಮೆಲೇ ಸುರಿದೆ: "ಐ ವಾಕ್! ಐ ವಾಕ್ಡ್! ಐ ಹ್ಯಾವ್ ವಾಕ್ಡ್! ಐ ವಿಲ್ ವಾಕ್!"

ಶೋಭಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮೇಡಂ ಎದ್ದು ಕೈ ಮುಗಿದರು.

"ಶ್ರೀಶೈಲಕ್ಕ ನಡಕೋತ ಹೊಂಟೀರೇನ್ರಿ? ಪುಣ್ಯವಂತ್ರು! ನಂದೂ ಒಂದ ಕಾಯಿ ಒಯ್ರಿ," ಎಂದು ಸಿಪಾಯಿಯನ್ನು ಅಂಗಡಿಗೆ ಓಡಿಸಿದರು. ಅಲ್ಲಿಗೆ ಕಾಯಿ ಆರಾದವು.

ಹೊರಗೆ ಬಂದು ಕೇಳಿದೆ, "ಸೀಟು?"

"ಹನ್ನೊಂದೂಕಾಲಕ್ಕನ ಸಿಕ್ಕೈತಿ. ಫಾರ್ಮ್ ತುಂಬಾಕತ್ತಿದ್ದೆ, ಅಷ್ಟರಾಗ ನೀವು ಬಂದ್ರಿ. ನಾ ಮಾತಾಡಿದೆ, ಭಾಗ್ಯಾ ಮಾತಾಡಿದ್ಲು, ಮುಗೀತು. ನೀವು ಇರಲಿಲ್ಲಲ್ಲ, ಲಗೂನ ಆತು."

ಖುಷಿಯಾಯಿತು. ಖುಷಿಯ ಕೆಳಗೆ ಎಲ್ಲೋ ಮುಳ್ಳೂ ಚುಚ್ಚಿತು. ಅದನ್ನು ಮರೆಸಲು ನಡೆದದ್ದನ್ನೆಲ್ಲ ಹೇಳಿ, "ಆರು ಕಾಯಿ ಅದಾವ ನೋಡು, ತಿಂಗಳ ಪೂರ್ತಿ ಚಟ್ನಿಗೆ ಚಿಂತಿಲ್ಲ," ಎಂದು ನಕ್ಕೆ.

ಶೋಭಾ ನಗಲಿಲ್ಲ. "ಆ ಬಸರಿ ಹೆಣ್ಣಮಗಳ ಕಾಯಿ ಚಟ್ನಿ ಮಾಡಿ ತಿಂತೀರಿ? ನಾಚಿಕಿ ಬರೂದಿಲ್ಲೇನ್ರಿ? ಹೂಂ ಅಂದ ಬಂದೀರಿ. ಈಗ ನಡೀರಿ!"

ನಡೆದೆ. ಮರುದಿನ ಬೆಳಗಿನಿಂದ, ಹಳೇ ಚಪ್ಪಲಿಯಲ್ಲಿ, ಆರು ಕಾಯಿ ಹೊತ್ತು, ಶ್ರೀಶೈಲದವರೆಗೆ! ಯುಗಾದಿಗೆ ಆರೂ ಕಾಯಿ ಒಡೆಸಿ, ಕುಂಟುತ್ತ ಬಸ್ಸಿನಲ್ಲಿ ಮರಳಿದೆ. ಪ್ರಸಾದ ಕೊಡಲು ಹೋದಾಗ ಗೊತ್ತಾಯಿತು, ಅಜ್ಜಿಯ ಮೊಮ್ಮಗಳಿಗೆ ಆಗಲೇ ಸುಖವಾಗಿ ಹೆರಿಗೆಯಾಗಿತ್ತು.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಮೊದಲ ದಿನ ಟೀಚರು ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಮನೆಯಲ್ಲಿ ಅಪ್ಪ ಅವ್ವ ಏನು ಮಾಡುತ್ತಾರೆಂದು ಕೇಳಿದರಂತೆ. ನನ್ನ ಮಗಳು ಕೈ ಕಟ್ಟಿ ನಿಂತು ಹೇಳಿದಳಂತೆ:

"ನಮ್ಮವ್ವ ಇಂಗ್ಲಿಷ್ ಮಾತಾಡತಾಳ್ರಿ. ನಮ್ಮಪ್ಪ ನಡೀತಾನ್ರಿ."