ಬಾಸ್‌ಗೆ ಒಂದು ಊರು ಬೇಕಿತ್ತು

ಕರಾವಳಿಯವರು ಎಲ್ಲಿಗೆ ಹೋದರೂ ಊರು ಕೇಳುವ ಚಟ ಬಿಡುವುದಿಲ್ಲ. ಆ ಚಟದಿಂದಾಗುವ ಫಜೀತಿಗಳೂ ನಮ್ಮನ್ನು ಬಿಡುವುದಿಲ್ಲ. ಕತಾರಿನ ದೋಹಾದ ಅಲ್ ಸದ್ದ್‌ನಲ್ಲಿ ನಮ್ಮ ಕಟ್ಟಡದ ಲಿಫ್ಟ್ ನಾಲ್ಕನೇ ಮಾಳಿಗೆ ಮುಟ್ಟುವುದರೊಳಗೆ ಎದುರಿಗಿದ್ದವರ ಊರು, ಇಗರ್ಜಿ (ಅಂದರೆ ಚರ್ಚು), ತಾಯಿಯ ತವರು ಮೂರನ್ನೂ ನಾನು ಕೇಳಿ ಮುಗಿಸಿರುತ್ತೇನೆ. ಆರನೇ ಮಾಳಿಗೆಯವರಾದರೆ ದೂರದ ಸಂಬಂಧವೊಂದು ಹೊರಟೇ ಹೊರಡುತ್ತದೆ. ನನ್ನ ಗಂಡ ಇದನ್ನು ಕಾಯಿಲೆ ಎನ್ನುತ್ತಾರೆ. ಅವರ ತಾಯಿಗೆ ಈ ಕಾಯಿಲೆ ನನಗಿಂತ ಜೋರಾಗಿದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈ ಕಾಯಿಲೆ ಒಬ್ಬ ಅಮೆರಿಕನ್ನರಿಗೂ ಅಂಟಿದ ಕತೆ ಇದು.

ಇಂಟರ್‌ವ್ಯೂ

ವೆಸ್ಟ್ ಬೇಯ ಒಂದು ಇಂಜಿನಿಯರಿಂಗ್ ಕಂಪನಿಗೆ ಸೆಕ್ರೆಟರಿ ಕೆಲಸ ಕೇಳಿಕೊಂಡು ಹೋಗಿದ್ದೆ. ಇಂಟರ್‌ವ್ಯೂ ಮಾಡಿದವರು ಈಗಿನ ನನ್ನ ಬಾಸ್. ಆರಡಿ ಎತ್ತರ, ಬಿಸಿಲಿಗೆ ಕೆಂಪಾದ ಮೂಗು, ಸಾಧು ಸ್ವಭಾವ. ಟೈಪಿಂಗ್, ಫೈಲಿಂಗ್ ಎಲ್ಲ ಕೇಳಿ ಮುಗಿಸಿ, ಕೊನೆಗೆ ಉಪಚಾರಕ್ಕೆಂದು, "ನಿಮ್ಮ ಊರು ಎಲ್ಲಿ?" ಎಂದರು.

ಉಡುಪಿಯ ಹತ್ತಿರದ ನಮ್ಮ ಹಳ್ಳಿ, ಅಲ್ಲಿಯ ಹೊಳೆ, ಇಗರ್ಜಿ, ನಮ್ಮ ಹಿರಿಯರು ಗೋವಾದಿಂದ ಬಂದದ್ದು ಎಲ್ಲ ಹೇಳಿದೆ. ಹೇಳಿದ ಮೇಲೆ ಕೇಳದಿರುವುದು ಹೇಗೆ? "ನಿಮ್ಮದು?" ಎಂದೆ.

"ಅಮೆರಿಕ."

"ಅದು ದೇಶ ಅಲ್ವಾ ಸರ್? ಊರು ಯಾವುದು?"

"ನೆಬ್ರಾಸ್ಕಾ. ಆದರೆ ನನ್ನ ಅಮ್ಮನ ಅಜ್ಜ ಅಲ್ಲಿಗೆ ಬಂದದ್ದು ಡೆನ್ಮಾರ್ಕ್‌ನಿಂದ."

"ಡೆನ್ಮಾರ್ಕ್‌ನಲ್ಲಿ ಎಲ್ಲಿ?"

ಅವರು ಪೆನ್ನು ಕೆಳಗಿಟ್ಟರು. ಗೊತ್ತಿಲ್ಲವಂತೆ. ಅಮ್ಮನಿಗೆ ತೊಂಬತ್ತಾಗುತ್ತ ಬಂದಿದೆಯಂತೆ. ಕಣ್ಣು ಮುಚ್ಚುವ ಮೊದಲು ಅಜ್ಜ ಬಿಟ್ಟು ಬಂದ ಮನೆಯನ್ನು ಒಮ್ಮೆ ನೋಡಬೇಕೆಂಬುದು ಅವರ ಒಂದೇ ಆಸೆ. ಹುಡುಕಿ ಕೊಡುತ್ತೇನೆಂದು ಮಗ ಮಾತು ಕೊಟ್ಟಿದ್ದಾರೆ. ಅಮ್ಮ ಭಾನುವಾರ ಭಾನುವಾರ ಫೋನಿನಲ್ಲಿ ಅದನ್ನೇ ಕೇಳುತ್ತಾರೆ. ಇಷ್ಟು ದೊಡ್ಡ ಸಂಬಳ ಇದ್ದೂ ಒಂದು ಊರಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಪಾಪ ಅನ್ನಿಸಿತು.

ಮರುದಿನ ಕೆಲಸ ಸಿಕ್ಕಿದ ಫೋನು ಬಂತು. "ಇಂಟರ್‌ವ್ಯೂ ಹೇಗಾಯ್ತು?" ಎಂದು ಗಂಡ ಸಂಜೆ ಕೇಳಿದರು. "ನಾನು ಪಾಸು, ಬಾಸ್ ಫೇಲು" ಎಂದೆ.

ಉಪ್ಪಿನಕಾಯಿ

ಬಾಸ್ ಮೊದಲು ವಿಜ್ಞಾನದ ಮೊರೆ ಹೋದರು. ಒಂದು ಪುಟ್ಟ ಪೆಟ್ಟಿಗೆ ತರಿಸಿದರು. ಅದರಲ್ಲೊಂದು ಕೊಳವೆ. ಗೆರೆ ಮುಟ್ಟುವ ತನಕ ಅದರಲ್ಲಿ ಉಗುಳಿ ಅಮೆರಿಕಕ್ಕೆ ಕಳಿಸಿದರೆ, ನಮ್ಮ ರಕ್ತದ ಮೂಲ ಎಲ್ಲಿಯದೆಂದು ಹೇಳುತ್ತಾರಂತೆ. ಅದೇ ಸಂಜೆ ವಿಮಾನ ಹತ್ತಲಿದ್ದ ಇನ್ನೊಬ್ಬ ಅಮೆರಿಕನ್ನರ ಕೈಯಲ್ಲಿ ಕಳಿಸುವುದೆಂದು ತೀರ್ಮಾನವಾಗಿತ್ತು. ಊರಿಗೆ ಹೋಗುವವರ ಕೈಯಲ್ಲಿ ನಾನು ಖರ್ಜೂರ ಕಳಿಸಿದ್ದೇನೆ, ಚಪ್ಪಲಿ ಕಳಿಸಿದ್ದೇನೆ, ಒಮ್ಮೆ ಮಿಕ್ಸಿಯನ್ನೂ ಕಳಿಸಿದ್ದೇನೆ. ಉಗುಳು ಕಳಿಸುವವರನ್ನು ನೋಡಿದ್ದು ಅದೇ ಮೊದಲು.

ಅದು ರಂಜಾನ್ ತಿಂಗಳು. ಉಪವಾಸ ಇರುವವರಿಗೆ ಬೇಸರವಾಗಬಾರದೆಂದು ಬಾಸ್ ಕೂಡ ಆಫೀಸಿನಲ್ಲಿ ಹನಿ ನೀರು ಮುಟ್ಟುತ್ತಿರಲಿಲ್ಲ. ಹೊರಗೆ ಬೆಂಕಿಯಂಥ ಬಿಸಿಲು. ಬಾಗಿಲು ಹಾಕಿಕೊಂಡು ಕೊಳವೆ ಹಿಡಿದು ಕೂತವರಿಗೆ ಮಧ್ಯಾಹ್ನವಾದರೂ ತಳ ಒದ್ದೆಯಾಗಲಿಲ್ಲ. ಬಾಯಿ ಮರಳುಗಾಡಾಗಿತ್ತು.

ನಮ್ಮ ಮಂದೂಬ್, ಅಂದರೆ ಕಂಪನಿಯ ಕಾಗದಪತ್ರ ಹಿಡಿದು ಸರಕಾರಿ ಕಚೇರಿಗಳಿಗೆ ಓಡಾಡುವವರು, ಉಳ್ಳಾಲದ ಬ್ಯಾರಿ ಮುಸಲ್ಮಾನರು. ಸಂಗತಿ ಕೇಳಿ ಒಂದು ನಿಮಿಷ ಯೋಚಿಸಿ, "ಮೇಡಂ, ನಿಮ್ಮ ಡ್ರಾಯರಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ ಉಂಟಲ್ಲ, ಅದನ್ನು ತನ್ನಿ. ತಿನ್ನಲಿಕ್ಕಲ್ಲ, ನೋಡ್ಲಿಕ್ಕೆ" ಎಂದರು.

ಬಾಸ್ ಎದುರು ಬಾಟಲಿ ಇಟ್ಟು ಮುಚ್ಚಳ ತೆಗೆದೆ. ಊರಿನ ಮಿಡಿ, ಅತ್ತೆಯ ಕೈಯದ್ದು. ಘಮ ಕೋಣೆಯೆಲ್ಲ ತುಂಬಿತು. ಬಾಸ್ ಒಮ್ಮೆ ಮೂಸಿದರು, ಅಷ್ಟೆ. ಕೊಳವೆ ಗೆರೆ ದಾಟಿತು.

"ಖಲಾಸ್! ಮುಚ್ಚಿ ಮಾರಾಯ್ರೇ, ಬೇಗ ಮುಚ್ಚಿ!" ಬಾಗಿಲಲ್ಲಿ ನಿಂತಿದ್ದ ಮಂದೂಬ್ ಮೂಗು ಹಿಡಿದುಕೊಂಡು ಕೂಗಿದರು. "ಅವರದ್ದು ತುಂಬಿತು, ನನ್ನ ಉಪವಾಸ ಹೋದೀತು!"

ಕೆಲವು ವಾರಗಳ ಮೇಲೆ ಫಲಿತಾಂಶ ಬಂತು. ಬಾಸ್ ಮುಖ್ಯವಾಗಿ ಡೆನ್ಮಾರ್ಕಿನವರು ಎಂದು ಬರೆದಿತ್ತು. ಅವರು ಸಂಭ್ರಮದಿಂದ ಅಮ್ಮನಿಗೆ ಫೋನು ಮಾಡಿದರು. ಅಮ್ಮ ಕೇಳಿಸಿಕೊಂಡು, "ಅದನ್ನು ನಾನೇ ನಿನಗೆ ಹೇಳಿದ್ದಲ್ವಾ?" ಎಂದರಂತೆ.

ಖಾಲಿ ಇರುವ ಹುದ್ದೆಗಳು

ಆಮೇಲೆ ಬಾಸ್ ಮೀಟಿಂಗ್ ರೂಮಿನ ಬಿಳಿ ಬೋರ್ಡಿನಲ್ಲಿ ವಂಶವೃಕ್ಷ ಬರೆಯತೊಡಗಿದರು. ಕೆಳಗೆ ಅವರದೊಂದು ಚೌಕ, ಮೇಲೆ ಅಮ್ಮನದು, ಅದರ ಮೇಲೆ ಅಜ್ಜ ಅಜ್ಜಿಯರದು, ಮುತ್ತಜ್ಜನದು. ಇನ್ನೂ ಮೇಲೆ ಹೋದಂತೆ ಚೌಕಗಳಿವೆ, ಹೆಸರಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ. ಒರೆಸಬಾರದೆಂದು ಪಕ್ಕದಲ್ಲಿ ಕೆಂಪಕ್ಷರದಲ್ಲಿ ಎಚ್ಚರಿಕೆ.

ಒಂದು ದಿನ ಲುಸೈಲ್‌ನ ಕೆಲಸದ ವಿಷಯ ಮಾತಾಡಲು ಕತಾರಿ ಗಿರಾಕಿಯೊಬ್ಬರು ಬಂದರು. ಬಾಸ್ ಬರುವುದು ಐದು ನಿಮಿಷ ತಡ. ನಾನು ಖಾವಾ, ಅಂದರೆ ಅರಬ್ಬೀ ಕಾಫಿ, ಕೊಟ್ಟೆ. ಅವರು ಬೋರ್ಡನ್ನೇ ಗಂಭೀರವಾಗಿ ನೋಡುತ್ತ ಕೂತರು.

ಬಾಸ್ ಬಂದೊಡನೆ ಅವರು ಎದ್ದು ಬೋರ್ಡಿನ ಮೇಲ್ಭಾಗಕ್ಕೆ ಬೆರಳಿಟ್ಟು, "ನಿಮ್ಮ ಕಂಪನಿಯಲ್ಲಿ ದೊಡ್ಡ ಹುದ್ದೆಗಳೇ ಖಾಲಿ ಇವೆ. ನನ್ನ ತಂಗಿಯ ಮಗ ಇಂಜಿನಿಯರಿಂಗ್ ಮುಗಿಸಿ ಕೂತಿದ್ದಾನೆ. ಈ ಜಾಗಕ್ಕೆ ಅವನನ್ನು ತೆಗೆದುಕೊಳ್ಳಿ" ಎಂದರು.

ಬಾಸ್ ತಡಬಡಿಸಿ, "ಕ್ಷಮಿಸಿ, ಆ ಜಾಗಕ್ಕೆ ನನ್ನ ಮುತ್ತಜ್ಜನ ಅಪ್ಪನೇ ಆಗಬೇಕು" ಎಂದರು.

ಗಿರಾಕಿ ತಲೆಯಾಡಿಸಿದರು. "ಅರ್ಥವಾಯಿತು. ಅನುಭವ ಇರುವವರೇ ಬೇಕು ಅನ್ನಿ."

ಒಂದೇ ಹೆಸರಿನ ಮೂವರು

ಡೆನ್ಮಾರ್ಕಿನವರು ಇಗರ್ಜಿಗಳ ಹಳೆಯ ಬಾಪ್ತಿಸ್ಮದ ಪುಸ್ತಕಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದ್ದಾರಂತೆ. ಬಾಸ್ ರಜೆಯ ಶುಕ್ರವಾರ ಶನಿವಾರವೆಲ್ಲ ಅದರಲ್ಲೇ ಮುಳುಗಿ ಕೊನೆಗೂ ಅಮ್ಮನ ಅಜ್ಜನನ್ನು, ಅಂದರೆ ತಮ್ಮ ಮುತ್ತಜ್ಜ ಪೀಟರನನ್ನು ಹಿಡಿದರು. ಹಿಡಿದದ್ದು ಒಬ್ಬನನ್ನಲ್ಲ, ಮೂವರನ್ನು. ಮೂರು ಹಳ್ಳಿ, ಮೂವರು ಪೀಟರ್, ಮೂವರ ಅಪ್ಪಂದಿರ ಹೆಸರೂ ಒಂದೇ, ಹುಟ್ಟಿದ್ದೂ ಒಂದೇ ಹೊತ್ತಿಗೆ. ಅಮ್ಮನಿಗೆ ಯಾವ ಮನೆ ತೋರಿಸುವುದು? ಅಷ್ಟರಲ್ಲಿ ಅಮ್ಮ ಆಸ್ಪತ್ರೆಗೆ ಹೋಗಿ ಬಂದ ಸುದ್ದಿಯೂ ಬಂತು. ಬಾಸ್ ಊಟ ಬಿಟ್ಟು ಕೂತಿರುವುದನ್ನು ನೋಡಲಾಗದೆ ನಾನು ಮನೆಗೆ ಕರೆದೆ.

ಆಗ ನನ್ನ ಅತ್ತೆ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದರು. ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಒಂದು, ನಮ್ಮ ಕಡೆಯ ಅರ್ಧ ಮದುವೆಗಳಿಗೆ ಮನೆತನದ ವಿಚಾರಣೆ ಮಾಡಿದವರು ಅವರೇ. ಎರಡು, ಬೊಂಬಾಯಿಯಲ್ಲಿರುವ ತಮ್ಮ ನಾದಿನಿಯ ಜೊತೆ ಅವರು ಮಾತು ಬಿಟ್ಟು ಕಾಲವಾಗಿದೆ. ಕಾರಣ, ನಾದಿನಿ ಮದುವೆಯಾಗಿ ಹೋಗುವಾಗ ಬಚ್ಚಲಿನ ತಾಮ್ರದ ಹಂಡೆ ಕೊಂಡುಹೋದದ್ದು. ಕೊಟ್ಟದ್ದು ಎಂದು ನಾದಿನಿ, ಎತ್ತಿಕೊಂಡು ಹೋದದ್ದು ಎಂದು ಅತ್ತೆ. ಈಗ ನಮ್ಮ ಬಚ್ಚಲಿನಲ್ಲಿ ಗೀಸರ್ ಇದೆ. ಆದರೂ ಹಂಡೆ ಹಂಡೆಯೇ.

ಬಾಸ್ ಖಾರದ ಕೋಳಿಸಾರಿನ ಕೋರಿ ರೊಟ್ಟಿ ತಿಂದು ಬೆವರು ಒರೆಸಿಕೊಂಡು, ಲ್ಯಾಪ್‌ಟಾಪ್ ತೆರೆದು ಕಷ್ಟ ಹೇಳಿಕೊಂಡರು. ಒಂದೇ ಹೆಸರಿನ ಮೂರು ಮನೆಯಲ್ಲಿ ಸರಿಯಾದದ್ದು ಯಾವುದೆಂದು ತಿಳಿಯಬೇಕಂತೆ ಎಂದಷ್ಟೇ ನಾನು ಅತ್ತೆಗೆ ಕೊಂಕಣಿಯಲ್ಲಿ ಹೇಳಿದೆ. ಅತ್ತೆ ಕನ್ನಡಕ ಹಾಕಿಕೊಂಡರು.

"ಹೆಸರು ನೋಡಿ ಯಾರಾದ್ರೂ ಮನೆ ಹುಡುಕ್ತಾರಾ ಮಾರಾಯ್ತಿ? ನಮ್ಮ ಇಗರ್ಜಿಯಲ್ಲಿ ಒಂದೇ ಹೆಸರಿನವರು ಎಷ್ಟು ಜನ ಇಲ್ಲ? ಬಾಪ್ತಿಸ್ಮಕ್ಕೆ ಮಗುವನ್ನು ಎತ್ತಿಕೊಂಡದ್ದು ಯಾರು, ಅದನ್ನು ಕೇಳು."

ಎತ್ತಿಕೊಂಡವರ ಹೆಸರೂ ಪುಸ್ತಕದಲ್ಲಿತ್ತು. ಬಾಸ್ ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಒಂದೊಂದಾಗಿ ಓದಿದರು. ಮೂರನೆಯ ಪೀಟರನನ್ನು ಎತ್ತಿಕೊಂಡವಳು ತಾಯಿಯ ತಂಗಿ, ಅಬೆಲೋನೆ.

ಬಾಸ್ ಕುರ್ಚಿಯಿಂದ ಎದ್ದೇಬಿಟ್ಟರು. ಅಮೆರಿಕಕ್ಕೆ ಹೋದ ಅವರ ಮುತ್ತಜ್ಜ ಮೊದಲ ಮಗಳಿಗೆ ಇಟ್ಟ ಹೆಸರೂ ಅಬೆಲೋನೆ. ನೆಬ್ರಾಸ್ಕಾದಲ್ಲಿ ಯಾರಿಗೂ ನಾಲಿಗೆ ಹೊರಳದ ಆ ಹೆಸರು ಎಲ್ಲಿಂದ ಬಂತೆಂದು ಮನೆಯವರಿಗೆ ತಿಳಿದೇ ಇರಲಿಲ್ಲವಂತೆ.

"ಮತ್ತೆ? ಎತ್ತಿ ಆಡಿಸಿದವಳ ಹೆಸರು ಇಡದೆ ಮತ್ತ್ಯಾರ ಹೆಸರು ಇಡ್ತಾನೆ?" ಎಂದರು ಅತ್ತೆ.

ಬಾಸ್ ಅತ್ತೆಯ ಎರಡೂ ಕೈ ಹಿಡಿದು ಕಣ್ಣಲ್ಲಿ ನೀರು ತುಂಬಿಕೊಂಡರು. ಅತ್ತೆ ಮಾತ್ರ ನೆಟ್ಟಗೆ ಕೂತು ಮುಂದಿನ ಪ್ರಶ್ನೆ ಕೇಳಿದರು: "ಮನೆತನ ಒಳ್ಳೆಯದೇ ಕಾಣ್ತದೆ. ಹುಡುಗಿಗೆ ಈಗ ಎಷ್ಟು ವಯಸ್ಸು?"

ಅಷ್ಟು ಹೊತ್ತೂ ಅವರು ಯಾವುದೋ ಮದುವೆಯ ವಿಚಾರಣೆ ನಡೆದಿದೆ ಎಂದುಕೊಂಡಿದ್ದರು.

ಶುಕ್ರವಾರದ ವಿಡಿಯೋ ಕಾಲ್

ಬಾಸ್ ಆ ಹಳ್ಳಿಯ ಇಗರ್ಜಿಗೆ ಇಮೇಲ್ ಬರೆದರು. ಪೀಟರನ ಅಣ್ಣನ ಮೊಮ್ಮಗ ಅದೇ ಮನೆಯಲ್ಲಿ ಇನ್ನೂ ಇದ್ದಾರೆ, ಮುದುಕರು, ದನ ಸಾಕಿಕೊಂಡಿದ್ದಾರೆ ಎಂದು ಉತ್ತರ ಬಂತು. ಒಂದು ಶುಕ್ರವಾರ ಮಧ್ಯಾಹ್ನ ಮೂರು ಕಡೆಯವರೂ ವಿಡಿಯೋದಲ್ಲಿ ಸೇರುವುದೆಂದಾಯಿತು. ನೆಬ್ರಾಸ್ಕಾದಲ್ಲಿ ಅಮ್ಮ, ಡೆನ್ಮಾರ್ಕ್‌ನಲ್ಲಿ ಮುದುಕರು, ದೋಹಾದಲ್ಲಿ ಬಾಸ್. ಬಾಸ್ ತಮ್ಮ ಮನೆಯಲ್ಲಿ ಕೂರದೆ ಕೇಕ್ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಹುಡುಕಿ ಕೊಟ್ಟವರು ಜೊತೆಗಿರಬೇಕೆಂದು ಅವರ ಹಟ. ಅತ್ತೆ ಇಗರ್ಜಿಗೆ ಹೋಗುವ ಸೀರೆ ಉಟ್ಟು ಕೂತರು.

ಪರದೆಯಲ್ಲಿ ಮುದುಕರು, ಪಕ್ಕದಲ್ಲಿ ಇಂಗ್ಲಿಷ್ ಬಲ್ಲ ಮೊಮ್ಮಗಳು. ಇನ್ನೊಂದು ಚೌಕದಲ್ಲಿ ಬಾಸ್‌ನ ಅಮ್ಮ, ಮುತ್ತಿನ ಸರ ಹಾಕಿಕೊಂಡು, ಆಸ್ಪತ್ರೆಗೆ ಹೋಗಿ ಬಂದವರಂತೆ ಕಾಣದೆ. ಮೊಮ್ಮಗಳು ಫೋನು ಹಿಡಿದು ಅಂಗಳಕ್ಕೆ ಬಂದಳು. ಬಿಳಿ ಗೋಡೆಯ ತಗ್ಗು ಮನೆ, ಕೊಟ್ಟಿಗೆ, ಗೇಟು. "ಇಲ್ಲಿಂದಲೇ ಅವರು ಹೊರಟದ್ದು" ಎಂದಳು. ಅಮ್ಮ ಪರದೆಗೆ ಕೈ ಮುಟ್ಟಿಸಿ, "ನೋಡಿದೆ. ಕೊನೆಗೂ ನೋಡಿದೆ" ಎಂದರು. ಬಾಸ್ ಸೆಟೆದು ಕೂತಿದ್ದವರು ಅತ್ತುಬಿಟ್ಟರು.

ಆಗ ಮುದುಕರು ಗಂಟಲು ಸರಿಪಡಿಸಿಕೊಂಡು ಏನೋ ಹೇಳಿದರು. ಮೊಮ್ಮಗಳು ಕೆಂಪಾದಳು. "ಬೇಡ ಅಜ್ಜ" ಎಂಬಂತೆ ಕೈಯಾಡಿಸಿದಳು. ಅವರು ಮತ್ತೆ ಅದನ್ನೇ ಗಟ್ಟಿಯಾಗಿ ಹೇಳಿದರು.

"ಅಜ್ಜ ಕೇಳ್ತಿದ್ದಾರೆ" ಎಂದು ಅವಳು ತಡವರಿಸಿದಳು, "ಹೇಗೂ ಸಿಕ್ಕಿದ್ದೀರಲ್ಲ, ನಮ್ಮ ತಾಮ್ರದ ಹಂಡೆ ಎಲ್ಲಿ?"

ಪೀಟರ್ ಅಮೆರಿಕಕ್ಕೆ ಹೊರಟಾಗ ಮನೆಗಿದ್ದ ಒಂದೇ ಒಂದು ದೊಡ್ಡ ಹಂಡೆಯನ್ನು ಹೊತ್ತುಕೊಂಡು ಹೋದನಂತೆ. ಅಣ್ಣನ ಹೆಂಡತಿ ಬಟ್ಟೆ ಕುದಿಸಬೇಕಾದಾಗಲೆಲ್ಲ ನೆರೆಮನೆಯಿಂದ ಹಂಡೆ ಬೇಡಿ ತಂದು, ಸಾಯುವ ತನಕ ಮೈದುನನಿಗೆ ಶಾಪ ಹಾಕಿದಳಂತೆ. ಆ ಶಾಪ ಕೇಳಿಯೇ ಬೆಳೆದವರು ಈ ಮುದುಕರು.

ನೆಬ್ರಾಸ್ಕಾದ ಅಮ್ಮ ಎದ್ದುಹೋದರು. ಪರದೆಯಲ್ಲಿ ಖಾಲಿ ಕುರ್ಚಿ. ಬಾಸ್ ಬಿಳಿಚಿಕೊಂಡರು. ಇಷ್ಟು ವರ್ಷ ಹುಡುಕಿದ್ದು, ಅಮ್ಮನಿಗೆ ಕೊಟ್ಟ ಮಾತು, ಎಲ್ಲ ಒಂದು ಹಂಡೆಗೆ ಹೋಯಿತಲ್ಲ ಎಂದು ತಲೆ ಹಿಡಿದು ಕೂತರು.

ಅಮ್ಮ ವಾಪಸು ಬಂದರು. ಗಾಲಿಮೇಜಿನ ಮೇಲಿಟ್ಟು ಎರಡೂ ಕೈಯಲ್ಲಿ ತಳ್ಳಿಕೊಂಡು ಬಂದದ್ದು ಹಂಡೆ. ಒಳಗೊಂದು ಹೂವಿನ ಗಿಡ. "ಇಲ್ಲಿದೆ. ಇದನ್ನು ಅಣ್ಣನೇ ಅಳುತ್ತ ಕೈಯಾರೆ ಕೊಟ್ಟನೆಂದು ನನ್ನ ಅಜ್ಜ ಹೇಳಿದ್ದಾರೆ."

ಮೊಮ್ಮಗಳು ಅದನ್ನು ಅಜ್ಜನಿಗೆ ಹೇಳಿದಳು. ಮುದುಕರು ಯೋಚಿಸಿದರು. "ಅತ್ತದ್ದು ನಿಜ" ಎಂದರು.

"ನಾನು ಕೊಡುವುದಿಲ್ಲ" ಎಂದರು ಅಮ್ಮ. "ಬೇಕಾದರೆ ಬಂದು ತಗೊಂಡು ಹೋಗಿ!"

"ಬರ್ತೇನೆ!" ಎಂದರು ಮುದುಕರು. "ಬೇಸಿಗೆಯಲ್ಲಿ. ದನ ನೋಡಿಕೊಳ್ಳಲು ಜನ ಸಿಕ್ಕಿದ ಕೂಡಲೇ!"

"ಬನ್ನಿ! ಹಾಸಿಗೆ ಹಾಸಿ ಇಟ್ಟಿರ್ತೇನೆ!"

ಇಬ್ಬರೂ ಪರದೆಯಲ್ಲಿ ಬೆರಳು ತೋರಿಸಿ ಕೂಗಾಡುತ್ತಿದ್ದರು. ತೊಂಬತ್ತರ ಅಮ್ಮನ ಕೆನ್ನೆ ಕೆಂಪೇರಿತ್ತು. ಎಷ್ಟೋ ವರ್ಷಗಳಿಂದ ಅಮ್ಮನನ್ನು ಇಷ್ಟು ಗೆಲುವಾಗಿ ನೋಡಿರಲಿಲ್ಲವೆಂದು ಬಾಸ್ ಆಮೇಲೆ ಹೇಳಿದರು. ಆ ಹೊತ್ತಿಗೆ ಮಾತ್ರ ಅವರು ದಿಕ್ಕೇ ತೋಚದೆ ನನ್ನನ್ನು ನೋಡಿದರು. "ಇವರು ನಿಜವಾಗಿಯೂ ನಮ್ಮ ಸಂಬಂಧಿಕರೇನಾ? ಮತ್ತೊಮ್ಮೆ ಆ ಉಗುಳಿನ ಪರೀಕ್ಷೆ ಮಾಡಿಸಲಾ?"

ನಾನು ಅತ್ತೆಗೆ ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿದೆ.

"ಯಾವ ಪರೀಕ್ಷೆಯೂ ಬೇಡ ಅಂತ ಹೇಳು ಅವರಿಗೆ" ಎಂದರು ಅತ್ತೆ. "ಹೊರಗಿನವರಾದ್ರೆ ಯಾವತ್ತೋ ಮರೆತು ಬಿಡ್ತಿದ್ರು. ಮೂರು ತಲೆಮಾರು ಕಳೆದ ಮೇಲೂ ಹಂಡೆ ಕೇಳ್ತಾರೆ ಅಂದ್ರೆ ಸ್ವಂತದವರೇ."

ಬಾಸ್ ನಕ್ಕರು, ಕಣ್ಣೊರೆಸಿಕೊಂಡರು, ಕೇಕ್ ಕತ್ತರಿಸಲು ಚಾಕು ಕೇಳಿದರು. ಪರದೆಯಲ್ಲಿ ಜಗಳ ಇನ್ನೂ ಜೋರಾಗಿಯೇ ನಡೆದಿತ್ತು. ಅತ್ತೆ ಸ್ವಲ್ಪ ಹೊತ್ತು ಆ ಇಬ್ಬರನ್ನು ನೋಡುತ್ತ ಕೂತರು. ಆಮೇಲೆ ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಅವರದ್ದು ಮುಗಿದ ಕೂಡಲೇ ಬೊಂಬಾಯಿಗೆ ಫೋನು ಮಾಡು. ಹೀಗೇ, ಮುಖ ಕಾಣುವ ಹಾಗೆ. ಅವಳು ನಮ್ಮ ಹಂಡೆಯಲ್ಲಿ ಎಂತ ಗಿಡ ನೆಟ್ಟಿದ್ದಾಳೆ, ನಾನೂ ಸ್ವಲ್ಪ ನೋಡ್ತೇನೆ."