ಕೆಂಪು ಹಾಳೆಯ ಕಾವಲು

ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ, ಯಜಮಾನರ ಜೆರಾಕ್ಸ್ ಅಂಗಡಿಯಲ್ಲಿ, ಅವರು ಮನೆಯಲ್ಲೇ ಮರೆತಿದ್ದ ಕನ್ನಡಕವನ್ನು ಮೇಜಿನ ಮೇಲೆ ಇಡುತ್ತಿದ್ದೆ. ಯಂತ್ರ ಹಾಳೆ ಉಗುಳುತ್ತಿತ್ತು. ಅದರಲ್ಲಿದ್ದ ಅಕ್ಷರ ನನ್ನದು! ಆಮ್ಲ, ಪ್ರತ್ಯಾಮ್ಲಗಳ ಬಗ್ಗೆ ಮನೆಪಾಠದ ಮಕ್ಕಳಿಗಾಗಿ ಎರಡು ತಿಂಗಳು ಕೂತು ಬರೆದ ನೋಟ್ಸು.

“ಇದು ಯಾರು ತಂದಿದ್ದು?”

“ಗಿರಾಕಿ.”

“ನನ್ನ ಅಕ್ಷರ ಅಂತ ಗೊತ್ತಾಗ್ಲಿಲ್ವಾ ನಿಮಗೆ?”

“ಕನ್ನಡಕ ಮನೇಲಿತ್ತಲ್ಲೇ.” (ಇಂಥ ಉತ್ತರಗಳನ್ನು ಅವರು ಕನ್ನಡಕವಿಲ್ಲದೆಯೇ ಹುಡುಕಬಲ್ಲರು.)

ನೋಟ್ಸು ಬೀದಿಪಾಲಾದರೆ ಪಾಠಕ್ಕೆ ಯಾರು ಬರುತ್ತಾರೆ? ಹನ್ನೆರಡು ಮಕ್ಕಳು ಕೂರುತ್ತಿದ್ದ ನನ್ನ ಹಜಾರದಲ್ಲಿ ಆಗಲೇ ಏಳು ಮಂದಿ ಉಳಿದಿದ್ದರು. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಅದೂ ಪ್ರತಿ ನಿಮಿಷಕ್ಕೆ ಇಪ್ಪತ್ತು ಪುಟದ ವೇಗದಲ್ಲಿ.

ನಾನು ರಸಾಯನಶಾಸ್ತ್ರ ಓದಿದವಳು. ಅಳುವುದಕ್ಕಿಂತ ಪ್ರಯೋಗ ಮಾಡುವುದು ಮೇಲು. ಅವರದು ಹಳೆಯ ಕಪ್ಪು-ಬಿಳುಪು ಯಂತ್ರ. ಅದರ ಕಣ್ಣಿಗೆ ಕಡುಗೆಂಪೂ ಕಪ್ಪೇ. ಆರು ಬಗೆಯ ಕೆಂಪು ಹಾಳೆ ತಂದು, ಟ್ಯೂಬ್‌ಲೈಟಿನಡಿ ಮತ್ತು ಕಿಟಕಿಯ ಬಳಿ ಓದಿ ನೋಡಿ, ನಾಲ್ಕನೆಯದನ್ನು ಆರಿಸಿದೆ. ಅದನ್ನೇ ಆ ಯಂತ್ರಕ್ಕೆ ತುಂಬಿಸಿ, ಪಕ್ಕದಲ್ಲಿ ಕಾವಲು ನಿಂತು ಮುಂದಿನ ಪಾಠದ ಏಳು ಪ್ರತಿ ತೆಗೆಸಿ ಹಂಚಿದೆ.

ಮರುಸಂಜೆ ಯಜಮಾನರು ಆ ಕೆಂಪು ಹಾಳೆಯ ಒಂದು ನಕಲು ತಂದು ತೋರಿಸಿದರು. ಅಮಾವಾಸ್ಯೆಯನ್ನೇ ಅಚ್ಚು ಹಾಕಿದಂತಿತ್ತು.

“ಇರೋ ಬರೋ ಟೋನರ್ ಎಲ್ಲ ಕುಡೀತು ಕಣೇ ನಿನ್ನ ನೋಟ್ಸು.”

“ಕುಡೀಲಿ ಬಿಡಿ.”

ನನ್ನ ಸಾಮ್ರಾಜ್ಯ ಮೂರು ದಿನ ಬಾಳಿತು. ಪಾಠದ ಮಕ್ಕಳು ಮಾತ್ರ, ಓದಲು ಬೆಳಕು ಸಾಲದೆ, ಹಾಳೆ ಹಿಡಿದು ಕಿಟಕಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಕೊನೆಗೆ, ಎಂದೂ ಬಾಯಿ ಬಿಡದ ಒಬ್ಬ ಹುಡುಗಿ ಎಲ್ಲವನ್ನೂ ಬಿಳಿ ಹಾಳೆಯ ಮೇಲೆ ದುಂಡಗೆ ಬರೆದುಕೊಂಡಳು. ನಾನು ಮಾಡಿದ್ದ ಎರಡು ತಪ್ಪುಗಳನ್ನೂ ತಿದ್ದಿದ್ದಳು. ನಾಲ್ಕನೆಯ ದಿನ ಅದು ಯಂತ್ರದಿಂದ ಬಿಸಿಬಿಸಿಯಾಗಿ ಹೊರಬರುತ್ತಿತ್ತು.

“ಇದು ನಿನ್ನ ಅಕ್ಷರ ಅಲ್ವಲ್ಲ,” ಎಂದರು ಯಜಮಾನರು ವಿನಯದಿಂದ. “ಈ ಸಲ ಕನ್ನಡಕ ಹಾಕ್ಕೊಂಡೇ ನೋಡಿದೆ.”

ಇನ್ನು ಧರ್ಮಯುದ್ಧವೇ ಗತಿ. ‘ಬರೆದವರ ಒಪ್ಪಿಗೆ ಇಲ್ಲದೆ ಇಲ್ಲಿ ಏನನ್ನೂ ನಕಲು ಮಾಡುವುದಿಲ್ಲ’ ಎಂದು ಬೋರ್ಡು ಬರೆದು, ಊಟದ ಹೊತ್ತಿಗೆ ಮನೆಯ ಮೇಜಿನ ಮೇಲಿಟ್ಟು, ಯಜಮಾನರಿಗೂ ಮಗಳಿಗೂ ಕಾನೂನು, ನೀತಿ ಎರಡನ್ನೂ ವಿವರಿಸಿದೆ.

“ಒಂದೇ ಪುಟ ಆದ್ರೂ ಕಳ್ಳತನ ಕಳ್ಳತನಾನೇ.”

ಮಗಳು ತಲೆಯಾಡಿಸಿದಳು. ಯಜಮಾನರೂ ಆಡಿಸಿದರು.

“ನಾಳೆನೇ ತೂಗು ಹಾಕ್ತೀನಿ. ಅಂಗಡಿ ತೆರೆದ ಮೊದಲ ವಾರ ನಾನೂ ಹೀಗೇ ಹೇಳಿದ್ದೆ.”

“ಯಾರಿಗಪ್ಪಾ?” ಮಗಳು ಕೇಳಿದಳು.

“ಒಬ್ಬಳು ಕಾಲೇಜು ಹುಡುಗಿ ಲೈಬ್ರರಿಯಿಂದ ದಪ್ಪ ಪುಸ್ತಕ ತಂದ್ಲು. ರಸಾಯನಶಾಸ್ತ್ರದ್ದು. ನಕಲು ಮಾಡಬಾರದು ಅಂತ ಮೊದಲ ಪುಟದಲ್ಲೇ ಅಚ್ಚಾಗಿತ್ತು. ತೋರಿಸಿದೆ. ‘ಹಾಗಾದ್ರೆ ಆ ಪುಟ ಬಿಟ್ಟು ಮಿಕ್ಕಿದ್ದು ಮಾಡಿ’ ಅಂದ್ಲು.”

ನಾನು ತಟ್ಟೆಗಳನ್ನು ಎತ್ತತೊಡಗಿದೆ. (ಯಾರದೂ ಊಟ ಮುಗಿದಿರಲಿಲ್ಲ.)

“ಮಾಡಿಕೊಟ್ರಾ?” ಮಗಳು ಬಿಡಲಿಲ್ಲ.

“ಮಾಡದೆ ಇರೋಕಾಗುತ್ತಾ? ನಾಲ್ಕು ದಿನ ಎದುರಿಗೇ ಕೂತಿದ್ಲು. ಅಷ್ಟು ದಪ್ಪ ಪುಸ್ತಕ ಅಲ್ಲದಿದ್ರೆ ಇವತ್ತು ನೀನೇ ಇರ್ತಿರಲಿಲ್ಲ.”

ಮಗಳು ನಿಧಾನವಾಗಿ ನನ್ನ ಕಡೆ ತಿರುಗಿದಳು. ನಾನು ಬೋರ್ಡನ್ನು ಮಗುಚಿಟ್ಟೆ.

“ಒಟ್ಟು ಎಷ್ಟು ಪುಟ ಇತ್ತಮ್ಮಾ?”

ಯಜಮಾನರು ಕನ್ನಡಕ ಒರೆಸುತ್ತಾ ನನ್ನನ್ನೇ ನೋಡುತ್ತಿದ್ದರು. ಅಂದು ಅವರ ಮುಂದೆ ನಿಂತು, ಆ ಒಂದು ಪುಟವನ್ನು ಪ್ರಾಮಾಣಿಕವಾಗಿ ಕಳೆದು, ಕ್ಯೂನಲ್ಲಿದ್ದವರಿಗೆಲ್ಲ ಕೇಳಿಸುವಂತೆ ನಾನು ಹೇಳಿದ್ದೆ: “ಆರುನೂರ ನಲವತ್ತೊಂದು.”