ಶೀನನ ಶುಗರ್ ವಾಪಸ್ ಬಂತು!

ಚೆನ್ನೈನ ಕ್ರೋಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಶುಗರ್ ಇಲ್ಲದವರೇ ಕಡಿಮೆ. ಆದರೆ ಬಂದ ಶುಗರನ್ನು ಓಡಿಸಿದ ಧೀರ ಒಬ್ಬನೇ. ನಮ್ಮ ಬೆಕ್ಕು ಶೀನ! ಐದು ತಿಂಗಳು ಬೆಳಿಗ್ಗೆ ಸಂಜೆ ಇನ್ಸುಲಿನ್ ಚುಚ್ಚಿಸಿಕೊಂಡು, ಅಳತೆಯ ಊಟ ಉಂಡು, ಕಳೆದ ವರ್ಷ ಇಂಜೆಕ್ಷನ್ನಿಗೆ ವಿದಾಯ ಹೇಳಿದ್ದ.

"ಪೂರ್ತಿ ವಾಸಿಯಾಯ್ತು ಅಂತ ತಿಳ್ಕೋಬೇಡಿ ಸಾರ್. ಶುಗರ್ ರಜೆ ಮೇಲೆ ಹೋಗಿದೆ, ಅಷ್ಟೇ" ಎಂದು ಬೆಕ್ಕಿನ ಡಾಕ್ಟರು ಎಚ್ಚರಿಸಿದ್ದರು. ನಾನು ಅದರಲ್ಲಿ ಅರ್ಧ ಕೇಳಿಸಿಕೊಂಡು, "ನಾವು ವಾಸಿ ಮಾಡಿಬಿಟ್ಟೆವು" ಎಂದು ನಾಲ್ಕೂ ಮಹಡಿಗೆ ಸಾರಿಕೊಂಡು ಬಂದೆ. ನಾವು ಎಂದರೆ ನನ್ನ ಹೆಂಡತಿ ಪದ್ಮಾ. ಚುಚ್ಚಿದವಳು ಅವಳು. ಹೊತ್ತು ತಪ್ಪಬಾರದೆಂದು ತಂಗಿಯ ಗೃಹಪ್ರವೇಶವನ್ನೂ ಬಿಟ್ಟು ಗಡಿಯಾರ ನೋಡುತ್ತ ಕೂತವಳೂ ಅವಳೇ. ನಾನು ಪಕ್ಕದಲ್ಲಿ ನಿಂತು "ನಿಧಾನ, ನಿಧಾನ" ಎನ್ನುತ್ತಿದ್ದೆ. ಮೇಲ್ವಿಚಾರಣೆಯೂ ಒಂದು ಕೆಲಸವೇ ತಾನೆ!

ಹೋದ ತಿಂಗಳು ಶೀನ ಇದ್ದಕ್ಕಿದ್ದಂತೆ ನೀರು ಕುಡಿಯಲು ಶುರುಮಾಡಿದ. ತನ್ನ ಬಟ್ಟಲು, ಬಚ್ಚಲಿನ ಬಕೆಟ್ಟು, ತುಳಸಿ ಕುಂಡದ ಕೆಳಗಿನ ತಟ್ಟೆ, ಒಂದನ್ನೂ ಬಿಡಲಿಲ್ಲ.

"ಚೆನ್ನೈ ಸೆಕೆ ಕಣೇ. ನಾನೂ ಹೀಗೇ ಕುಡೀತಿಲ್ವಾ?" ಎಂದೆ.

"ನಿಮಗೂ ಶುಗರ್ ಇದೆಯಲ್ರೀ!" ಎಂದಳು ಪದ್ಮಾ.

ಡಾಕ್ಟರು ಶೀನನ ಕಿವಿಯಿಂದ ಒಂದು ಹನಿ ರಕ್ತ ತೆಗೆದು ಮೀಟರ್ ನೋಡಿದರು. "ರಜೆ ಮುಗೀತು ಸಾರ್. ಮತ್ತೆ ದಿನಕ್ಕೆರಡು ಇಂಜೆಕ್ಷನ್. ಹತೋಟಿಗೆ ಬರದಿದ್ರೆ ಪ್ರಾಣಕ್ಕೇ ಅಪಾಯ." ಆಮೇಲೆ ಶೀನನ ಮುಖದ ಹತ್ತಿರ ಬಗ್ಗಿ ಮೂಸಿದರು. "ಇದರ ಮೀಸೇಲಿ ತುಪ್ಪದ ವಾಸನೆ ಇದೆಯಲ್ಲ! ಯಾರೋ ಕದ್ದು ತಿನ್ನಿಸ್ತಿದ್ದಾರೆ. ಮೊದಲು ಅವರನ್ನ ಹಿಡೀರಿ."

ಆಟೋದಲ್ಲಿ ಪದ್ಮಾ ಶೀನನ ಬುಟ್ಟಿಯನ್ನು ತಬ್ಬಿಕೊಂಡು ಅತ್ತುಬಿಟ್ಟಳು. "ಅಳಬೇಡ. ಈ ಸಲ ಎಲ್ಲ ನನಗೆ ಬಿಡು. ಇಂಜೆಕ್ಷನ್ ಹಾಕೋದೂ ನಾನೇ, ಕಳ್ಳನ್ನ ಹಿಡಿಯೋದೂ ನಾನೇ!" ಎಂದು ಘೋಷಿಸಿದೆ. ಮೂವತ್ತು ವರ್ಷ ಆಡಿಟ್ ಮಾಡಿ ನಿವೃತ್ತನಾದವನಿಗೆ ಇದ್ಯಾವ ಮಹಾ!

ಸಂಜೆ ಶೀನ ಊಟ ಮುಗಿಸಿ ಸೋಫಾ ಏರಿದ. ಕತ್ತಿನ ಹಿಂದಿನ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಕುಲದೇವರನ್ನು ನೆನೆದು ಚುಚ್ಚಿದೆ. ಶೀನ ಮಿಸುಕಲಿಲ್ಲ. "ನೋಡಿದ್ಯಾ? ಕೈಗುಣ!" ಎಂದೆ.

ಪದ್ಮಾ ಬಗ್ಗಿ ಸೋಫಾ ಮುಟ್ಟಿ ನೋಡಿದಳು. ಒದ್ದೆ! ಸೂಜಿ ಚರ್ಮದ ಈ ಕಡೆ ಹೊಕ್ಕು ಆ ಕಡೆ ಹೊರಬಂದು, ಇನ್ಸುಲಿನ್ ಸೋಫಾಕ್ಕೆ ಹೋಗಿತ್ತು. ಎಷ್ಟು ಒಳಹೋಗಿದೆ ಗೊತ್ತಾಗದಿದ್ದರೆ ಮತ್ತೊಮ್ಮೆ ಹಾಕಬಾರದು ಎಂಬುದು ಡಾಕ್ಟರ ಕಟ್ಟಪ್ಪಣೆ. ಆ ಹೊತ್ತಿನ ಔಷಧ ಹೋಯಿತು.

"ಸೋಫಾಕ್ಕೆ ಶುಗರ್ ಇಲ್ಲ ಕಣ್ರೀ" ಎಂದು ಪದ್ಮಾ ಸಿರಿಂಜನ್ನು ನನ್ನ ಕೈಯಿಂದ ಕಿತ್ತುಕೊಂಡಳು. ನನಗೆ ತನಿಖಾ ವಿಭಾಗ ಮಾತ್ರ ಉಳಿಯಿತು.

ಬಿಡುತ್ತೇನೆಯೇ! ಲಿಫ್ಟಿನ ಪಕ್ಕ ನೋಟಿಸು ಅಂಟಿಸಿದೆ. "ಸಮಸ್ತ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಶೀನ ಎಂಬ ಬೆಕ್ಕಿಗೆ ಯಾರೋ ಬೇಜವಾಬ್ದಾರಿ ವ್ಯಕ್ತಿ ತುಪ್ಪದ ತಿನಿಸು ನೀಡುತ್ತಿದ್ದು, ಸದರಿ ವ್ಯಕ್ತಿಯು ಕೂಡಲೇ ತಪ್ಪೊಪ್ಪಿಕೊಳ್ಳತಕ್ಕದ್ದು." ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಬರೆದಿದ್ದೆ. ಯಾರೂ ಒಪ್ಪಿಕೊಳ್ಳಲಿಲ್ಲ. ಸರಿ, ನನ್ನ ಅನುಮಾನ ಕೆಳಗಿನ ಮನೆಯ ಕೋಮಳಾ ಮಾಮಿಯ ಮೇಲೆ ಬಿತ್ತು. ವಾರಕ್ಕೊಮ್ಮೆ ಬೆಣ್ಣೆ ಕಾಯಿಸುವವರು ಅವರೊಬ್ಬರೇ. ಹೋಗಿ ನೇರವಾಗಿ ಕೇಳಿಯೇಬಿಟ್ಟೆ.

"ಅಯ್ಯಯ್ಯೋ, ನಾನಾ? ಪೆರುಮಾಳ್ ಸತ್ಯಮಾ ಒರು ಪರುಕ್ಕೈ ಕೂಡ ಕೊಡುಕ್ಕಲೈ ಸಾರ್!" ಒಂದಗುಳನ್ನೂ ಕೊಟ್ಟಿಲ್ಲವೆಂದು ಮಾಮಿ ದೇವರ ಮೇಲೆ ಆಣೆ ಹಾಕಿದರು. ನನ್ನ ಅನುಮಾನ ಇನ್ನೂ ಬಲವಾಯಿತು. ಆಡಿಟ್ಟಿನಲ್ಲೂ ಹೀಗೇ, ಜೋರಾಗಿ ಆಣೆ ಹಾಕುವವರ ಫೈಲನ್ನೇ ನಾನು ಮೊದಲು ತೆಗೆಸುತ್ತಿದ್ದದ್ದು!

ತನಿಖೆ ಎಷ್ಟೇ ಬಿರುಸಾಗಿದ್ದರೂ ನಿತ್ಯದ ವಿಧಿ ಬಿಡುವಂತಿಲ್ಲವಲ್ಲ. ಊರಿನಲ್ಲಿ ನಮ್ಮವರು ಕಾಗೆಯನ್ನು ಕರೆಯುತ್ತಿದ್ದದ್ದು ತಿಥಿಯ ದಿನ ಮಾತ್ರ. ಇಲ್ಲಿಗೆ ಬಂದ ಮೇಲೆ ಅಕ್ಕಪಕ್ಕದವರನ್ನು ನೋಡಿ, ದಿನವೂ ಊಟಕ್ಕೆ ಮುಂಚೆ ಟೆರೇಸಿನಲ್ಲಿ ಕಾಗೆಗೆ ಅನ್ನ ಇಡುವುದನ್ನು ಕಲಿತೆ. ನಿವೃತ್ತನಾದ ಮೇಲೆ ಭಕ್ತಿ ಇನ್ನೂ ಹೆಚ್ಚಿತು. ತೀರಿಕೊಂಡ ನಮ್ಮಪ್ಪನಿಗೆ ಶ್ಯಾವಿಗೆ ಪಾಯಸ ಎಂದರೆ ಪ್ರಾಣ. ಬರೀ ಅನ್ನ ಇಟ್ಟರೆ ಅವರಿಗೆ ಬೇಜಾರಾಗುವುದಿಲ್ಲವೇ? ಹಾಗಾಗಿ ದಿನವೂ ನಾನೇ ಕೈಯಾರೆ ಪಾಯಸ ಮಾಡಿ, ತುಪ್ಪ ಹಾಕಿ ಒಯ್ಯುತ್ತಿದ್ದೆ. ನೋಡುತ್ತ ನಿಂತರೆ ಕಾಗೆ ಬರುವುದಿಲ್ಲವೆಂದು, "ಕಾ... ಕಾ..." ಎಂದು ಕರೆದು, ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೈಮುಗಿದು ನಿಲ್ಲುತ್ತಿದ್ದೆ. ತಿರುಗಿದರೆ ಬಟ್ಟಲು ತೊಳೆದಿಟ್ಟಂತೆ ಖಾಲಿ! ಅಪ್ಪ ತೃಪ್ತರಾಗಿದ್ದಾರೆಂದು ಎಷ್ಟೋ ಸಲ ಕಣ್ಣಲ್ಲಿ ನೀರು ಬಂದದ್ದುಂಟು.

ಮಾಮಿಯ ವಿಚಾರಣೆಯ ಮರುದಿನವೂ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಮೇಲೆ ಹೋದೆ. ಮನೆ ಬಾಗಿಲು ಹಾಕಲು ಮೂರನೇ ಕೈ ಇರಲಿಲ್ಲ. ಕಾ ಕಾ ಎಂದು ಕರೆದು ಕಣ್ಣು ಮುಚ್ಚಿದೆ.

"ಸಾರ್! ತಿರುಂಬಿ ಪಾರುಂಗೋ!"

ಕೋಮಳಾ ಮಾಮಿ! ಒಣಗಲು ಹಾಕಿದ್ದ ಸಂಡಿಗೆ ಮಗುಚುತ್ತ ಟ್ಯಾಂಕಿನ ಹಿಂದೆ ಕೂತಿದ್ದವರು, ಈಗ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರು ಹೇಳಿದಂತೆ ತಿರುಗಿ ನೋಡಿದೆ. ಶೀನ ಪಾಯಸದ ಬಟ್ಟಲಿಗೆ ಮುಖ ಹುದುಗಿಸಿಕೊಂಡಿದ್ದ. ನಿಜವಾದ ಕಾಗೆ ಟ್ಯಾಂಕಿನ ಮೇಲೆ ಕೂತು, ಅನ್ಯಾಯ ಅನ್ಯಾಯ ಎಂಬಂತೆ ಕಿರುಚುತ್ತಿತ್ತು.

ಅಂದರೆ ಇಷ್ಟು ದಿನ ನಾನು ಕರೆದದ್ದು ಅಪ್ಪನನ್ನಲ್ಲ. ಕಾ ಕಾ ಎಂದರೆ ಊಟದ ಗಂಟೆ ಎಂದು ಶೀನನಿಗೆ ನಾನೇ ಪಾಠ ಮಾಡಿದ್ದೆ!

ಮಾಮಿಯ ಕೂಗಿಗೆ ಪದ್ಮಾ ಮೇಲೆ ಓಡಿ ಬಂದಳು. ಶೀನನನ್ನು ಎತ್ತಿಕೊಂಡು ಅವನ ಮೀಸೆ ಒರೆಸಿದಳು. ಅವಳ ಐದು ತಿಂಗಳ ತಪಸ್ಸನ್ನು ನಾನು ಚಮಚ ಚಮಚವಾಗಿ ಹಾಳುಮಾಡಿದ್ದೆ. ಪದ್ಮಾ ನನ್ನ ಕಡೆ ತಿರುಗಿದಳು.

"ಮಾವನೋರಿಗೆ ಅಂದ್ರಲ್ಲ ಅಂತ ಸುಮ್ಮನಿದ್ದೆ. ಬಟ್ಟಲು ಇಷ್ಟೇ ಇಷ್ಟಿದೆ. ಒಲೆ ಮೇಲಿನ ಪಾತ್ರೆ ಯಾಕ್ರೀ ಅಷ್ಟು ದೊಡ್ಡದು? ಉಳಿದ ಪಾಯಸ ಎಲ್ಲಿ ಹೋಗ್ತಿತ್ತು?"

ಸಿಹಿ ಸರಿಯಾಗಿದೆಯೇ ಎಂದು ನೋಡದೆ ಹಿರಿಯರಿಗೆ ಇಡುವುದು ಹೇಗೆ? ಅಂದು ಸಂಜೆ ಅವಳು ಎರಡು ರಕ್ತ ಪರೀಕ್ಷೆ ಮಾಡಿದಳು. ಶೀನನ ಕಿವಿ, ನನ್ನ ಬೆರಳು. ಹೆಚ್ಚು ಅಂಕ ಪಡೆದು ಗೆದ್ದವನು ನಾನು!

ಲಿಫ್ಟಿನ ಪಕ್ಕ ಹೊಸ ನೋಟಿಸು ಹಾಕಿದೆ. "ಅಪರಾಧಿ ಸಿಕ್ಕಿದ್ದಾನೆ. ದಯವಿಟ್ಟು ಹೆಸರು ಕೇಳಬೇಡಿ." ಅದರ ಕೆಳಗೆ ಮಾಮಿ ಪೆನ್ಸಿಲಿನಲ್ಲಿ ನಮ್ಮ ಮನೆ ನಂಬರ್ ಬರೆದಿದ್ದರು.

ಈಗ ಶೀನನ ಶುಗರ್ ಮೆಲ್ಲಗೆ ಇಳಿಯುತ್ತಿದೆ. ಕಾಗೆಗೆ ಅನ್ನ ಇಡುವುದು ಪದ್ಮಾ, ಬರೀ ಅನ್ನ. ಹೋಗುವಾಗ ನಮ್ಮಿಬ್ಬರನ್ನೂ ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಮೇಲಿನಿಂದ "ಕಾ... ಕಾ..." ಕೇಳಿದ ಕೂಡಲೇ ಶೀನ ಬಾಗಿಲಿಗೆ ಓಡುತ್ತಾನೆ. ಅಷ್ಟರಲ್ಲಿ ನಾನು ಆಗಲೇ ಅಲ್ಲಿ ನಿಂತಿರುತ್ತೇನೆ.